ಕಿಶನಣ್ಣ ಕೊಟ್ಟ ವೀಳ್ಯ

ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆಗಳ ಹಿಂದೆ, ವೀಳ್ಯ ಕೊಳೆಯುತ್ತಿತ್ತು. ಹಾಲು ತೆಗೆಯಲು ಬಾಗಿಲು ತೆರೆದ ಮೋಹಿನಿಗೆ ಮೊದಲು ತಾಗಿದ್ದು ತಂಪಲ್ಲ, ನಾತ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಎಲೆಗಳು ಕಪ್ಪಗಾಗಿ, ಒಂದಕ್ಕೊಂದು ಅಂಟಿ, ಲೋಳೆ ಬಿಟ್ಟಿದ್ದವು. ನಡುವೆ ಅಡಿಕೆ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗಟ್ಟಿಯಾಗಿ ಕೂತಿತ್ತು. “ಅಮ್ಮಾ, ಜಸ್ಟ್ ಥ್ರೋ ಇಟ್. ಇಟ್ ಸ್ಟಿಂಕ್ಸ್,” ಎಂದು ಮಗಳು ನಿಶ್ಮಿತಾ ಮೂಗು ಮುಚ್ಚಿಕೊಂಡು ಕಾಫಿ ಲೋಟದೊಂದಿಗೆ ಕೋಣೆಗೆ ಹೋದಳು. ಎಸೆ ಎಂದರೆ ಎಸೆಯಲು ಆಗಬೇಕಲ್ಲ. ವೀಳ್ಯವನ್ನು ಮೀನಿನ ಮುಳ್ಳಿನ ಜೊತೆ ಕಸದ ಬುಟ್ಟಿಗೆ ಹಾಕಲು ಕೈ ಬರಬೇಕಲ್ಲ. ಅದನ್ನು ನೀರಿಗೆ ಬಿಡಬೇಕು. ಮಸ್ಕತ್ತಿನ ಅಲ್ ಹೈಲ್‌ನ ಮನೆಯಿಂದ ಕಡಲು ಎಷ್ಟು ದೂರ, ಇವತ್ತು ಬಿಡುತ್ತೇನೆ, ನಾಳೆ ಬಿಡುತ್ತೇನೆ ಎಂದುಕೊಳ್ಳುತ್ತ ಊರವರ ಬಳಗದ ಚುನಾವಣೆ ಮುಗಿದು ವಾರಗಳೇ ಕಳೆದಿದ್ದವು. ಊರಲ್ಲಿ ಅಪ್ಪ ಮದುವೆ ಮುಂಜಿಗೆ ಅಡಿಗೆಯವರನ್ನು ಗೊತ್ತು ಮಾಡುವಾಗ ಹೀಗೆಯೇ ಎಲೆ ಅಡಿಕೆ ಕೊಡುತ್ತಿದ್ದರು. ಕೊಟ್ಟ ಮೇಲೆ ಎರಡು ಮಾತಿಲ್ಲ. ಅಡಿಗೆಯವನು ಬರಲೇಬೇಕು, ಬಂದ ಮೇಲೆ ಅವನ ಊಟ, ಮಲಗುವ ಜಾಗ, ಜ್ವರ ಬಂದರೆ ಔಷಧಿ, ಎಲ್ಲ ಕೊಟ್ಟ ಮನೆಯ ಹೊಣೆ. ಒಮ್ಮೆ ಒಬ್ಬ ಅಡಿಗೆಯವನ ಕಾಲಿಗೆ ಪಾಯಸ ಚೆಲ್ಲಿ ಬೆಂದಾಗ ಅಪ್ಪ ಅವನನ್ನು ಗುಣವಾಗುವ ತನಕ ಚಾವಡಿಯಲ್ಲೇ ಮಲಗಿಸಿಕೊಂಡಿದ್ದರು. ಅಮ್ಮ ಗೊಣಗಿದರೆ, “ವೀಳ್ಯ ಕೊಟ್ಟವ ನಾನಲ್ವ?” ಎಂದಿದ್ದರು. ಇದೆಲ್ಲ ನೆನಪಿದ್ದೂ ಚುನಾವಣೆಗೆ ಮೊದಲು ಕಿಶನ್ ವೀಳ್ಯ ಕೊಟ್ಟಾಗ ಅವಳು ಎರಡೂ ಕೈ ಚಾಚಿದ್ದಳು. ಮೋಹಿನಿ ತೊಟ್ಟೆಗೆ ಇನ್ನೊಂದು ತೊಟ್ಟೆ ಸುತ್ತಿ, ದಾರಿಯಲ್ಲಿ ಕಡಲಿಗೆ ಬಿಟ್ಟರಾಯಿತೆಂದು ಕೈಚೀಲದೊಳಗೆ ಇಟ್ಟುಕೊಂಡಳು.

ವೀಳ್ಯ ಕೊಡಲು ಕಿಶನ್ ಹೆಂಡತಿಯನ್ನು ಕರೆದುಕೊಂಡೇ ಬಂದಿದ್ದ. ಬರ್ಕಾದಲ್ಲಿ ಅವನ ಕೇಟರಿಂಗ್ ಕಂಪನಿಯ ದೊಡ್ಡ ಅಡುಗೆಮನೆ. ಅಲ್ಲಿಂದ ಅರ್ಧ ಮಸ್ಕತ್ತಿನ ಲೇಬರ್ ಕ್ಯಾಂಪುಗಳಿಗೆ ಅನ್ನ ಹೋಗುತ್ತದೆ. ಅಂಥವನು ಚಪ್ಪಲಿ ಹೊರಗೆ ಬಿಟ್ಟು, ಅವಳ ಸೋಫಾದ ತುದಿಯಲ್ಲಿ ಸಂಕೋಚದಿಂದ ಕೂತು, “ನ್ಯಾಯ ಸಮಿತಿಗೆ ಈ ಸಲ ನೀವು ನಿಲ್ಲಬೇಕು ಮೋಹಿನಕ್ಕ. ಓದಿದವರು, ಗಂಭೀರ ಇರುವವರು ಬೇಕು. ನಿಮ್ಮ ಮರ್ಯಾದೆ ನಮ್ಮ ಮರ್ಯಾದೆ,” ಎಂದಿದ್ದ. ಕರಾವಳಿ ಬಳಗದ ನ್ಯಾಯ ಸಮಿತಿಯೆಂದರೆ ಮೂರು ಜನ. ಬಳಗದ ಸದಸ್ಯರೇ ಓಟು ಹಾಕಿ ಆರಿಸುತ್ತಾರೆ. ಸರಕಾರದ ಕೋರ್ಟಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅರಬ್ಬಿ ಕಾಗದವೆಂದರೆ ಹೆದರುವ ನಮ್ಮವರು ಜಗಳ ತಗಾದೆ ಏನಿದ್ದರೂ ಮೊದಲು ಅಲ್ಲಿಗೇ ಬರುತ್ತಾರೆ, ಸಮಿತಿ ಹೇಳಿದ ಮೇಲೆ ಖಲಾಸ್, ಮುಂದಕ್ಕೆ ಹೋಗುವವರು ಕಡಿಮೆ. ಹಾಗಾಗಿ ಆ ಮೂರು ಕುರ್ಚಿಗಳಲ್ಲಿ ಯಾರು ಕೂರುತ್ತಾರೆಂಬುದು ಕೂಲಿಯವರಿಗಿಂತ ಕೂಲಿ ಕೊಡುವವರಿಗೆ ಮುಖ್ಯ. ಇದು ಮೋಹಿನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅವಳೂ ಕುಡಿದಳು. ಗಂಡ ಸತ್ತ ಮೇಲೆ ಬಳಗದ ಕಾರ್ಯಕ್ರಮಗಳಲ್ಲಿ ಅವಳಿಗೆ ಸಿಗುತ್ತಿದ್ದದ್ದು ಹಿಂದಿನ ಸಾಲಿನ ಕುರ್ಚಿ. ಅಕ್ಷತೆಯ ತಟ್ಟೆ ಅವಳನ್ನು ದಾಟಿ ಹೋಗುತ್ತಿತ್ತು. ಆಫೀಸಿನಲ್ಲಿ ಇಷ್ಟು ವರ್ಷ ಲೆಕ್ಕ ಬರೆದರೂ ಮೊನ್ನೆ ಮೊನ್ನೆ ಬಂದವನು ಮ್ಯಾನೇಜರ್ ಆಗಿದ್ದ. ಈಗ ಒಬ್ಬ ದೊಡ್ಡ ಮನುಷ್ಯ ಬಾಗಿಲಿಗೆ ಬಂದು ಅಕ್ಕ ಎನ್ನುತ್ತಾನೆ. ಕಂಪನಿಗಳ ದುಡ್ಡಲ್ಲಿ ಪ್ರಚಾರ ಮಾಡಬಾರದು, ಮಾಡಿದರೆ ಆಯ್ಕೆ ರದ್ದು ಎಂದು ಬಳಗದ ನಿಯಮವಿದೆ. ಆದ್ದರಿಂದ ಯಾರೂ ಪ್ರಚಾರ ಮಾಡಲಿಲ್ಲ. ಓಟಿನ ಹಿಂದಿನ ದಿನ ‘ಕುಟುಂಬ ಮಿಲನ’ವೊಂದು ನಡೆಯಿತು, ಅಷ್ಟೇ. ಸೂರ್‌ನಿಂದ, ಬರ್ಕಾದಿಂದ ಬಸ್ಸುಗಳಲ್ಲಿ ಜನ ಬಂದರು, ಗರಿಗರಿ ರೊಟ್ಟಿಗೆ ಕೋಳಿಯ ಗಸಿ ಸುರಿದ ಕೋರಿ ರೊಟ್ಟಿ ತಿಂದರು, ಮರುದಿನ ಅದೇ ಬಸ್ಸುಗಳಲ್ಲಿ ಬಂದು ಓಟು ಹಾಕಿದರು. ಮೈಕು ಕೈಗೆ ಕೊಟ್ಟಾಗ ಮೋಹಿನಿ, “ಇಷ್ಟು ಒಳ್ಳೆಯ ಊಟ ಹಾಕಿದ ಕಿಶನಣ್ಣನಿಗೂ ಅವರ ಕಂಪನಿಗೂ ಧನ್ಯವಾದ,” ಎಂದಿದ್ದಳು. ಜನ ಚಪ್ಪಾಳೆ ತಟ್ಟಿದರು. ಕಿಶನ್ ಮಾತ್ರ ಹುಬ್ಬು ಗಂಟಿಕ್ಕಿದ್ದು ಅವಳಿಗೆ ಆಮೇಲೆ ಅರ್ಥವಾಯಿತು.

ಕಡಲಿನ ದಾರಿಗೆ ತಿರುಗದೆ ಕಾರು ನೇರ ಬಳಗದ ವಿಲ್ಲಾದ ಮುಂದೆ ನಿಂತಿತು. ತಡವಾಗಿತ್ತು ಎಂಬುದು ನೆಪ. ಗೇಟಿನ ಬಳಿ ಬೋಗನ್‌ವಿಲ್ಲಾದ ಚೂರು ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ಅವಳನ್ನು ನೋಡಿ ಎದ್ದ. ಇಸ್ತ್ರಿಯ ಅಂಗಿ; ಬಲದ ತೋಳನ್ನು ಮೊಣಕೈತನಕ ಮಡಚಿ, ಕೈಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎದೆಗೆ ಒತ್ತಿಕೊಂಡಿದ್ದ. “ನಮಸ್ಕಾರ ಅಕ್ಕ. ನಾನೇ ಸೇಸಪ್ಪ. ಅಡಿಗೆಯವ,” ಎಂದ. ನಮಸ್ಕಾರಕ್ಕೆ ಜೋಡಿಸಲು ಇನ್ನೊಂದು ಕೈ ಇಲ್ಲದೆ ಎಡಗೈಯನ್ನು ಮಾತ್ರ ಎದೆಯವರೆಗೆ ತಂದು, ಅದೂ ಸರಿಯಲ್ಲವೆನಿಸಿ ಇಳಿಸಿದ. ಕಿಶನ್ ಕಂಪನಿಯ ಅಡುಗೆಯವನೊಬ್ಬನ ಕೈ ಮೆಷಿನ್ನಿಗೆ ಸಿಕ್ಕಿದೆ, ಅವನ ದೂರು ಇವತ್ತು ಬರುತ್ತದೆ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಕಿಶನ್ ಕಂಪನಿ ಎಂದ ಕೂಡಲೇ ತಾನು ಹಿಂದೆ ಸರಿಯಬೇಕಿತ್ತು ಎಂದು ರಾತ್ರಿಯಿಂದ ಅನಿಸುತ್ತಿತ್ತು. ಸರಿದರೆ ಯಾಕೆ ಸರಿದೆ ಎಂದು ಹೇಳಬೇಕಾಗುತ್ತದೆ ಎಂದೂ ಅನಿಸುತ್ತಿತ್ತು. ಅವಳು ಅವನ ಕೈಯನ್ನು ನೋಡದಂತೆ ಮುಖವನ್ನೇ ನೋಡುತ್ತ ತಲೆಯಾಡಿಸಿ ಒಳಗೆ ಹೋದಳು.

ಒಳಗೆ ಏಸಿಯ ತಂಪಿಗೆ ಬೆವರು ಒಣಗಿ ಮೈ ಅಂಟಂಟಾಯಿತು. ಸಮಿತಿಯ ಉಳಿದಿಬ್ಬರು ಆಗಲೇ ಬಂದಿದ್ದರು. ನಿವೃತ್ತ ಟೀಚರ್ ಬೀಟ್ರಿಸ್ ಖರ್ಜೂರದ ಬೀಜವನ್ನು ಟಿಶ್ಯೂವಿನಲ್ಲಿ ಅಚ್ಚುಕಟ್ಟಾಗಿ ಸುತ್ತಿಡುತ್ತಿದ್ದರು. ಬರ್ಕಾದಲ್ಲಿ ದಿನಸಿ ಅಂಗಡಿ ಇಟ್ಟಿರುವ ಮುಸ್ತಫಾ, ಎಲ್ಲರ ಮುಸ್ತಫಾಕ, ಫೋನು ನೋಡುತ್ತಿದ್ದರು. ಮೂವರೂ ಆ ಕುಟುಂಬ ಮಿಲನದಲ್ಲಿ ಒಂದೇ ಮೇಜಿನಲ್ಲಿ ಉಂಡವರು. ಎದುರಿಗೆ ಕಂಪನಿಯ ಎಚ್‌ಆರ್ ವಿಶಾಲ್. ಅವನ ಅಂಗಿಯಿಂದ ಬರುತ್ತಿದ್ದ ಊದಿನ ಅತ್ತರಿನ ವಾಸನೆ ಕೋಣೆಯೆಲ್ಲ ತುಂಬಿತ್ತು. ತುಳುವಿನಲ್ಲಿ ಮಾತು ತೆಗೆದವನು ಟೀಚರ್ ಮತ್ತು ಮುಸ್ತಫಾಕರ ಕಡೆ ನೋಡಿ ಕನ್ನಡಕ್ಕೆ ಬಂದ. ಎಲ್ಲರಿಗೂ ಅವನೇ ಕಾವಾ, ಅರಬ್ಬಿ ಕಾಫಿ, ಬಗ್ಗಿಸಿ ಕೊಟ್ಟ. ಬಾಗಿಲ ಬಳಿ ನಿಂತ ಸೇಸಪ್ಪನಿಗೂ ಕೊಡಹೋಗಿ, ಕೈ ನೋಡಿ, ಪುಟ್ಟ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅದು ಅಲ್ಲೇ ಆರಿತು.

“ಹೇಳು ಸೇಸಪ್ಪ, ಎಂತ ಆಯ್ತು?” ಎಂದಳು ಮೋಹಿನಿ. ತನ್ನ ದನಿಗೆ ಜಡ್ಜಿನ ಗತ್ತು ಬಂದದ್ದು ಅವಳಿಗೇ ಕೇಳಿಸಿತು.

“ಅರೆಯುವ ಮೆಷಿನ್ನಿಗೆ ಕೈ ಹೋಯ್ತು ಅಕ್ಕ. ಬೆರಳು ಹೋದದ್ದು ಹೋಯ್ತು. ಹೆಬ್ಬೆರಳು ಉಂಟು, ಆದ್ರೆ ಮಡಚ್ಲಿಕ್ಕೆ ಆಗುದಿಲ್ಲ. ಇನ್ನೊಂದು ಆಪರೇಶನ್ ಬೇಗ ಮಾಡಿದ್ರೆ ಸೌಟು ಹಿಡಿಯುವಷ್ಟು ಬರ್ತದೆ ಅಂತ ಡಾಕ್ಟರು ಹೇಳ್ತಾರೆ. ಕೆಲಸದಲ್ಲಿ ಆದದ್ದು ಅಂತ ಕಂಪನಿ ಒಪ್ಪಿದ್ರೆ ಇನ್ಶೂರೆನ್ಸಿನವರು ಮಾಡಿಸ್ತಾರೆ. ನನಗೆ ಬೇರೆ ಎಂತದ್ದೂ ಬೇಡ. ನೀವು ಅಷ್ಟು ಒಪ್ಪಿಸಿ ಕೊಡಿ.”

“ಯಾವತ್ತು ಆದದ್ದು?” ಬೀಟ್ರಿಸ್ ಟೀಚರ್ ಕೇಳಿದರು.

“ಕುಟುಂಬ ಮಿಲನದ ದಿನ ಟೀಚರ್. ಬೆಳಿಗ್ಗೆ. ಗಸಿಗೆ ತೆಂಗಿನಕಾಯಿ ಮಸಾಲೆ ಅರೀತಿದ್ದೆ.”

ಮೋಹಿನಿಯ ನಾಲಿಗೆಯ ಬುಡದಲ್ಲಿ ಆ ದಿನದ ಗಸಿ, ಅದರ ಹುರಿದ ಕೊತ್ತಂಬರಿ, ಬ್ಯಾಡಗಿ ಮೆಣಸು, ತೆಂಗಿನ ಹಾಲಿನ ಜಿಡ್ಡು ಎಲ್ಲ ಎದ್ದು ಬಂದವು. ರೊಟ್ಟಿ ಗಸಿಯಲ್ಲಿ ನೆನೆದು ಮೆತ್ತಗಾಗಿ ಬೆರಳಿಗೆ ಅಂಟಿದ್ದು, ಅವಳು ಬೆರಳು ನೆಕ್ಕಿದ್ದು, ಪಕ್ಕದಲ್ಲಿದ್ದ ಕಿಶನ್ ಅದನ್ನು ನೋಡಿ ನಕ್ಕು, “ಅಕ್ಕನಿಗೆ ಇನ್ನೊಮ್ಮೆ ಹಾಕಿ,” ಎಂದದ್ದು. ಆಗ ಇವನು ಎಲ್ಲಿದ್ದ? ಯಾವುದೋ ಆಸ್ಪತ್ರೆಯ ಮಂಚದಲ್ಲಿ. ಕಿಶನ್‌ಗೆ ಗೊತ್ತಿತ್ತು. ಗೊತ್ತಿದ್ದೇ ನಕ್ಕಿದ್ದ. ಕೇಳಬಾರದ ಪ್ರಶ್ನೆಯೊಂದು ಗಂಟಲಿಗೆ ಬಂತು, ಅದನ್ನು ಮುಸ್ತಫಾಕ ಕೇಳಿಯೇಬಿಟ್ಟರು: “ಆ ಮಸಾಲೆ... ಅದನ್ನು ಬಿಸಾಡಿದ್ರಲ್ಲ?”

“ಬಿಸಾಡಿದ್ರಂತೆ,” ಎಂದ ಸೇಸಪ್ಪ.

“ಅಂತೆ ಎಂತದ್ದು, ಖಂಡಿತ ಬಿಸಾಡಿದ್ದು,” ಎಂದ ವಿಶಾಲ್. “ಹೈಜೀನ್ ವಿಷಯದಲ್ಲಿ ನಮ್ಮ ಸರ್ ಕಾಂಪ್ರಮೈಸ್ ಮಾಡುದೇ ಇಲ್ಲ.” ಮುಸ್ತಫಾಕರ ಮುಖದಲ್ಲಿ ಸಮಾಧಾನ ಕಂಡಿತು. ತನಗೂ ಸಮಾಧಾನವಾದದ್ದು ಗೊತ್ತಾಗಿ ಮೋಹಿನಿಗೆ ಹೇಸಿಗೆಯಾಯಿತು. ಒಬ್ಬನ ಬೆರಳು ಹೋದ ಸುದ್ದಿ ಕೇಳಿ ಮೂವರು ನ್ಯಾಯಾಧೀಶರು ಮೊದಲು ವಿಚಾರಿಸಿದ್ದು ತಮ್ಮ ಹೊಟ್ಟೆಯನ್ನು.

ವಿಶಾಲ್ ಕುರ್ಚಿಯನ್ನು ಮುಂದಕ್ಕೆಳೆದು, ಮನೆಯವರಿಗೆ ಬುದ್ಧಿ ಹೇಳುವ ಅಳಿಯನಂತೆ ದನಿ ತಗ್ಗಿಸಿದ. “ನೋಡಿ ಅಕ್ಕ, ಅವತ್ತು ಅವನಿಗೆ ರಜೆ. ಡ್ಯೂಟಿ ಅಲ್ಲ. ಸರ್ ಅವನಿಗೆ ಆರ್ಡರ್ ಕೊಟ್ಟದ್ದಲ್ಲ, ಕರೆದು ವೀಳ್ಯ ಕೊಟ್ಟದ್ದು. ಡ್ಯೂಟಿಗೆ ಯಾರಾದ್ರೂ ವೀಳ್ಯ ಕೊಡ್ತಾರಾ? ಅದು ಸೇವೆ. ಬಳಗಕ್ಕೆ ಅವ ಮಾಡಿದ ಸೇವೆ. ಸೇವೆಯಲ್ಲಿ ಆದದ್ದಕ್ಕೆ ಕಂಪನಿಯನ್ನು ಹಿಡಿದ್ರೆ ಹೇಗೆ? ಆದ್ರೂ ಸರ್ ಕೈ ಬಿಡುದಿಲ್ಲ. ಊರಿಗೆ ಟಿಕೆಟ್ ಮಾಡ್ತಾರೆ, ಪ್ರೀತಿಯಲ್ಲಿ ಏನಾದ್ರೂ ಕೊಡ್ತಾರೆ. ಸೇವೆ ಅಂತ ನೀವು ಮೂವರೂ ಒಮ್ಮತದಲ್ಲಿ ಹೇಳಿದ್ರೆ ಇವತ್ತೇ ಮುಗೀತದೆ.” ಒಂದು ಖರ್ಜೂರ ಎತ್ತಿಕೊಂಡು, ತಿನ್ನದೆ, ಮುಂದುವರಿಸಿದ: “ಕಂಪನಿ ಕೆಲಸ ಅಂತ ಹೇಳ್ತೀರಾದ್ರೆ ಹೇಳಿ. ಆಗ ಆ ಊಟ ಕಂಪನಿ ಹಾಕಿದ್ದು ಅಂತ ಆಗ್ತದೆ. ಓಟಿನ ಹಿಂದಿನ ದಿನ. ಆಮೇಲೆ ನಿಮ್ಮ ಆಯ್ಕೆಯ ಬಗ್ಗೆ ಯಾರಾದ್ರೂ ಮಾತಾಡಿದ್ರೆ ನನಗೇ ಬೇಜಾರು.”

ಎಷ್ಟು ನಾಜೂಕು, ಎಷ್ಟು ಶುದ್ಧ. ಅಪ್ಪ ಚಾವಡಿಯಲ್ಲಿ ಕೊಡುತ್ತಿದ್ದ ವೀಳ್ಯವನ್ನೇ ತಂದು ಇವರು ಒಬ್ಬನ ಕೈಯನ್ನು ಒರೆಸಿ ಹಾಕಲು ಬಟ್ಟೆ ಮಾಡಿಕೊಂಡಿದ್ದಾರೆ. ಸೇಸಪ್ಪ ಮಾತು ಅರ್ಥವಾಗದವನಂತೆ ಒಬ್ಬೊಬ್ಬರ ಮುಖವನ್ನೂ ನೋಡಿದ. “ಧಣಿ ಕರೆದು ಎಲೆ ಕೊಟ್ರೆ ಆಗುದಿಲ್ಲ ಅನ್ನುವ ಹಾಗುಂಟಾ ಅಕ್ಕ?” ಎಂದ. ಮೋಹಿನಿಗೂ ಆಗುವುದಿಲ್ಲ ಎನ್ನಲು ಆಗಿರಲಿಲ್ಲ; ಆದರೆ ಅವನಿಗೆ ಹೆದರಿಕೆ, ಅವಳಿಗೆ ಆಸೆ.

ಅಷ್ಟರಲ್ಲಿ ಊಟ ಬಂತು. ಶುಕ್ರವಾರದ ಸಭೆಗೆ ಊಟ ಯಾವಾಗಲೂ ಕಿಶನ್ ಅಡುಗೆಮನೆಯದೇ. ಯಾರೂ ಅದನ್ನು ವಿಚಿತ್ರವೆಂದುಕೊಂಡಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಾಗ ಅದೇ ಕೆಂಪು ಗಸಿ, ಮೇಲೆ ತೇಲುವ ಎಣ್ಣೆ. ಅದೇ ಮೆಷಿನ್ನಲ್ಲಿ ಅರೆದದ್ದಿರಬೇಕು. ಬೆರಳು ಹೋದರೂ ಮೆಷಿನ್ ಕೆಟ್ಟಿರಲಿಲ್ಲ. ಮೋಹಿನಿ ಕೈ ತೊಳೆಯುವ ನೆಪದಲ್ಲಿ ಎದ್ದಳು. ಬೇಸಿನ್ನಿನ ಬಳಿ ಮುಸ್ತಫಾಕ ಅವಳಿಗಿಂತ ಮೊದಲೇ ನಿಂತು ಸೋಪು ಹಚ್ಚಿಕೊಳ್ಳುತ್ತಿದ್ದರು. ಕನ್ನಡಿಯೊಳಗಿನ ಅವಳನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ನನಗೆ ಎಲ್ಲ ಗೊತ್ತುಂಟು ಮೋಹಿನಿಯವರೇ. ಆದ್ರೆ ನನ್ನ ಅಂಗಡಿಯ ಅರ್ಧ ಅಕ್ಕಿ ಹೋಗುದು ಅವರ ಕಿಚನಿಗೆ. ಉಂಡ ಮನೆಯ ಜಂತಿ ಎಣಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಟಿಕೆಟ್ ಜೊತೆ ಏನಾದ್ರೂ ಜಾಸ್ತಿ ಕೊಡಿ ಅಂತ ನಾವು ಹೇಳುವ.” ಅವರ ಕಣ್ಣಲ್ಲಿ ನೀರಿತ್ತು. ಮೋಹಿನಿಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಓಕರಿಕೆ. ಕಣ್ಣೀರು ಹಾಕುತ್ತ ಕೈಗೆ ಸೋಪು ಹಚ್ಚುವ ಈ ಮನುಷ್ಯನಿಗೂ ತನಗೂ ಏನು ವ್ಯತ್ಯಾಸ ಎಂದು ಹುಡುಕಿದರೆ, ಸಿಕ್ಕಿದ್ದು ಅವರು ಬಾಯಿಬಿಟ್ಟು ಹೇಳಿದರು ಎಂಬುದೊಂದೇ.

ತಿರುಗಿ ಬಂದಾಗ ಬೀಟ್ರಿಸ್ ಟೀಚರ್ ಎಲ್ಲರ ತಟ್ಟೆಗೆ ರೊಟ್ಟಿ ಮುರಿದು ಹಾಕುತ್ತಿದ್ದರು. ತರಗತಿಯಲ್ಲಿ ಗಲಾಟೆಯಾದಾಗ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಹಂಚಿದ ಹಾಗೆ. “ಮೊದಲು ಊಟ ಮಾಡುವ, ಹೊಟ್ಟೆ ತುಂಬಿದ್ರೆ ಎಲ್ಲ ಸರಿಯಾಗಿ ಕಾಣ್ತದೆ,” ಎಂದರು. ಸೇಸಪ್ಪನಿಗೂ ಒಂದು ತಟ್ಟೆ ಕೊಟ್ಟಿದ್ದರು. ಅವನು ಗೋಡೆ ಬದಿಯ ಕುರ್ಚಿಯಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಯಾಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಅವನೇ, ತಲೆ ತಗ್ಗಿಸಿ, “ಟೀಚರ್, ಒಂದು ಚಮಚ ಸಿಗಬಹುದಾ? ಎಡಗೈಯಲ್ಲಿ... ನಿಮ್ಮ ಎದುರು...” ಎಂದ. ಎಡಗೈಯಲ್ಲಿ ಉಣ್ಣುವ ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ಮೇಜಿನ ಮೇಲೆ ಐದು ಬೆರಳೂ ನೆಟ್ಟಗಿದ್ದ ಬಲಗೈಗಳು ರೊಟ್ಟಿ ಕಲಸುತ್ತಿದ್ದವು. ನಾಚಿಕೆಪಟ್ಟದ್ದು ಮಾತ್ರ ಅವನು.

ವಿಶಾಲ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, “ಹಾಗಾದ್ರೆ ಸೇವೆ ಅಂತಲೇ ಇಡುವ ಅಲ್ವಾ?” ಎಂದ. ಟೀಚರ್ ತಲೆಯಾಡಿಸಿದರು. ಮುಸ್ತಫಾಕ ಗಂಟಲು ಸರಿಮಾಡಿಕೊಂಡರು. “ಮೋಹಿನಕ್ಕ?” ಎಂದು ವಿಶಾಲ್ ಅವಳ ಕಡೆ ತಿರುಗಿದ.

ಅವಳು ಕರವಸ್ತ್ರಕ್ಕೆಂದು ಕೈಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ಪ್ಲಾಸ್ಟಿಕ್ಕು. ತೊಟ್ಟೆ ಎಲ್ಲೋ ಒಡೆದು ಲೋಳೆ ಚೀಲದ ತಳಕ್ಕೆ ಸೋರಿತ್ತು. ಬೆರಳು ಅದರಲ್ಲಿ ಮುಳುಗಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಎನಿಸಿತು, ಎಳೆದುಕೊಳ್ಳಲಿಲ್ಲ. ಹಾಗೇ ಎತ್ತಿ, ಗಸಿಯ ಡಬ್ಬಿಯ ಪಕ್ಕದಲ್ಲಿ ಇಟ್ಟು, ತೊಟ್ಟೆಯ ಬಾಯಿ ಬಿಚ್ಚಿದಳು. ನಾತ ಊದಿನ ಅತ್ತರನ್ನೂ ಮಸಾಲೆಯನ್ನೂ ಮೀರಿ ಕೋಣೆಯನ್ನು ತುಂಬಿತು. ವಿಶಾಲ್ ಕುರ್ಚಿಯೊಂದಿಗೆ ಹಿಂದೆ ಸರಿದ. “ಛೀ, ಎಂತದ್ದು ಮಾರಾಯ್ರೆ ಇದು, ಊಟದ ಹೊತ್ತಲ್ಲಿ!”

“ಕಿಶನಣ್ಣ ನನಗೆ ಕೊಟ್ಟ ವೀಳ್ಯ,” ಎಂದಳು ಮೋಹಿನಿ. “ನಾನು ಎಂತ ಸೇವೆ ಮಾಡ್ಲಿಕ್ಕಿತ್ತು ವಿಶಾಲ್? ಇವತ್ತು ಮಾಡ್ತಾ ಇದ್ದೇನಲ್ಲ, ಇದಾ? ನಮ್ಮ ಅಪ್ಪ ಅಡಿಗೆಯವರಿಗೆ ವೀಳ್ಯ ಕೊಡ್ತಿದ್ರು. ಕೊಟ್ಟ ಮೇಲೆ ಅವನ ಮೈಗೆ ಏನಾದ್ರೂ ಆದ್ರೆ ಅದು ಕೊಟ್ಟವನದ್ದೇ ಹೊಣೆ. ಸಂಪ್ರದಾಯ ಹೇಳುವುದಾದ್ರೆ ಪೂರಾ ಹೇಳು. ಸೇಸಪ್ಪನನ್ನು ಮಸಾಲೆ ಅರೆಯುವುದಕ್ಕೆ ಗೊತ್ತು ಮಾಡಿದ್ರಿ, ನನ್ನನ್ನು ಇಲ್ಲಿ ಕೂರುವುದಕ್ಕೆ. ಊಟ ಕಂಪನಿಯದ್ದು. ನಾನೇ ಮೈಕಲ್ಲಿ ಹೇಳಿದ್ದೇನೆ, ಎಲ್ಲರೂ ಕೇಳಿದ್ದಾರೆ.”

“ಹಾಗಾದ್ರೆ ನಿಮ್ಮ ಆಯ್ಕೆಯೇ ರದ್ದು ಅಕ್ಕ,” ಎಂದ ವಿಶಾಲ್. ದನಿಯಲ್ಲಿ ಅಳಿಯನ ಮೆದುತನ ಹೋಗಿತ್ತು. “ರದ್ದಾದವರು ಹೇಳಿದ ತೀರ್ಪಿಗೆ ಬೆಲೆ ಎಂತದ್ದು? ಇವನಿಗೆ ಏನು ಸಿಕ್ಕಿದ ಹಾಗಾಯ್ತು?”

ಅದು ನಿಜ. ನಿಜ ಹೇಳಿದ ಕೂಡಲೇ ಅವಳ ಮಾತಿಗಿದ್ದ ಬೆಲೆ ಹೋಗಿತ್ತು. ಸುಳ್ಳು ಹೇಳುವ ತನಕ ಮಾತ್ರ ಅವಳು ಜಡ್ಜು. “ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ,” ಎಂದಳು. “ಸಾಕ್ಷಿ ಹೇಳಬಹುದು. ಶುಕ್ರ ಶನಿ ರಜೆ, ಭಾನುವಾರ ಲೇಬರ್ ಆಫೀಸ್ ತೆರೀತದೆ. ಸೇಸಪ್ಪ, ನಾನು ಜೊತೆಗೆ ಬರ್ತೇನೆ. ಮೈಕಲ್ಲಿ ಹೇಳಿದ್ದನ್ನೇ ಅಲ್ಲಿ ಹೇಳ್ತೇನೆ.” ಹೇಳಿ ಮುಗಿಸುವಾಗ ತನ್ನ ಬೆನ್ನು ನೆಟ್ಟಗಾದದ್ದು, ದನಿಗೆ ಒಂದು ಠೀವಿ ಬಂದದ್ದು ಅವಳ ಗಮನಕ್ಕೆ ಬಂತು. ಅವತ್ತು ಮೈಕಿನ ಮುಂದೆ ಬಂದಿದ್ದ ಠೀವಿಯೇ. ಚಪ್ಪಾಳೆಗೆ ಕಾಯುವ ಈ ಚಟ ಸಾಯುವ ತನಕ ತನ್ನನ್ನು ಬಿಡುವುದಿಲ್ಲವೇನೋ ಎನಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀಟ್ರಿಸ್ ಟೀಚರ್ ತಟ್ಟೆಯನ್ನು ಮುಂದಕ್ಕೆ ತಳ್ಳಿ ಕಿಟಕಿಯ ಕಡೆ ನೋಡಿದರು. ಮುಸ್ತಫಾಕ ತಲೆ ಎತ್ತದೆ ಉಣ್ಣುತ್ತಿದ್ದರು. ವಿಶಾಲ್ ಫೋನು ಹಿಡಿದು ವರಾಂಡಕ್ಕೆ ಹೋದ. ಗಾಜಿನ ಆಚೆ ಅವನು “ಯೆಸ್ ಸರ್, ಯೆಸ್ ಸರ್” ಎನ್ನುತ್ತ ನಡೆದಾಡುವುದು ಕಾಣುತ್ತಿತ್ತು.

ಸೇಸಪ್ಪ ಬರುತ್ತೇನೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಉಪಕಾರವಾಯಿತೆಂಬ ಮಾತೂ ಅವನ ಬಾಯಲ್ಲಿ ಬರಲಿಲ್ಲ. ಚಮಚವನ್ನು ತಟ್ಟೆಯಲ್ಲಿ ಅತ್ತಿತ್ತ ಆಡಿಸಿ, ಬಹಳ ದಿನದಿಂದ ಕೇಳಬೇಕೆಂದಿದ್ದವನಂತೆ, “ಅಕ್ಕ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ,” ಎಂದ. “ಅವತ್ತು ಗಸಿ ಹೇಗಿತ್ತು? ಮಸಾಲೆ ಹುರಿದದ್ದೆಲ್ಲ ನಾನೇ. ಕಡೆಗೆ ಯಾರು ಇಳಿಸಿದ್ರೋ, ಹದ ಬಂತೋ ಇಲ್ವೋ, ನನಗೆ ಯಾರೂ ಹೇಳ್ಲಿಲ್ಲ.”

ನೆನಪಿಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ಬುಡದಲ್ಲಿ ಅದು ಇನ್ನೂ ಇತ್ತು. ಸಾಕ್ಷಿ ಹೇಳುತ್ತೇನೆಂದವಳು ಇಲ್ಲಿಂದಲೇ ಶುರುಮಾಡಬೇಕಿತ್ತು.

“ಒಳ್ಳೆದಿತ್ತು ಸೇಸಪ್ಪ,” ಎಂದಳು ಮೋಹಿನಿ. “ನಾನು ಎರಡು ಸಲ ಹಾಕಿಸಿಕೊಂಡೆ.”

ಸೇಸಪ್ಪನ ಮುಖ ಅರಳಿತು. ಬೆಳಿಗ್ಗೆಯಿಂದ ಅವನು ನಕ್ಕದ್ದು ಅದೇ ಮೊದಲು. “ಹೌದಾ ಅಕ್ಕ?” ಎಂದವನು ಎಡಗೈಯಲ್ಲಿ ಚಮಚ ಎತ್ತಿಕೊಂಡು, ಸಂಕೋಚವಿಲ್ಲದೆ, ಹೊಟ್ಟೆ ತುಂಬ ಉಣ್ಣತೊಡಗಿದ.